ಬಾಣದ ಮೇಲಿನ ರಂಗೋಲಿ

ಬ್ರೇಕ್ ಸುಟ್ಟ ವಾಸನೆ ಬಂದರೆ ಸಾಕು, ಸಂಡೂರಿನ ಘಟ್ಟದ ತಿರುವಿನಲ್ಲಿದ್ದ ಅಜ್ಜಿಯ ಮನೆ ನನಗೆ ಈಗಲೂ ನೆನಪಾಗುತ್ತದೆ.

ಆ ಮಧ್ಯಾಹ್ನ ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಪಕ್ಕದ ಮನೆಯ ಗಂಗಕ್ಕ ಓಡಿಬಂದಳು.

"ಅಜ್ಜೀ, ಹಳೇ ಕಾರಿನ ರೇಸು ನಡದೈತಲ್ಲ, ಅದರಾಗಿನ ಕಾರೊಂದು ಗಣಿ ದಾರಿ ಹಿಡಿದು ತಗ್ಗಿಗೆ ಬಿದ್ದೈತಿ! ನಿಮ್ಮನಿ ಮುಂದ ಎಡಕ್ಕ ಹೊಳ್ಳಬೇಕಿತ್ತಂತ. ಸುಣ್ಣದಾಗ ಬರದಿದ್ದ ಬಾಣಾನ ಕಾಣಲಿಲ್ಲಂತ."

ನನ್ನ ಕೈ ನಿಂತಿತು. ಬೆಳಿಗ್ಗೆ ಮನೆ ಮುಂದಿದ್ದ ಆ ಬಿಳಿ ಗೀಟನ್ನು ಯಾರೋ ಹುಡುಗರು ಗೀಚಿದ್ದೆಂದುಕೊಂಡು ಸಗಣಿ ನೀರು ಹಾಕಿ ಅಳಿಸಿದ್ದೆ. ಕಾರಿನವರು ನೋಡಲಿ ಎಂದು ಅಲ್ಲೇ ದೊಡ್ಡ ರಂಗೋಲಿ ಬಿಟ್ಟಿದ್ದೆ.

ಸ್ವಲ್ಪ ಹೊತ್ತಿಗೆ ಆ ಕಾರಿನ ಯಜಮಾನರು ಕುಂಟುತ್ತಾ ಬಂದರು. ಮೈಯೆಲ್ಲ ಕೆಂಪು ಧೂಳು, ಬಟ್ಟೆಯಲ್ಲಿ ಅದೇ ಸುಟ್ಟ ವಾಸನೆ.

"ನಮ್ಮಪ್ಪನ ಕಾರು ಅದು, ಅವ್ವಾ. ಎರಡು ವರ್ಷ ನಾನೇ ಕುಂತು ರಿಪೇರಿ ಮಾಡಿದ್ದೆ. ಆ ಗಣಿ ದಾರಿ ಇಳಿಜಾರಿನಾಗ ಬ್ರೇಕ್ ಕಾದು ಹಿಡೀಲೇ ಇಲ್ಲ."

"ಜೀವ ಉಳೀತಲ್ರಿ, ಆ ವಿರೂಪಾಕ್ಷ ಸ್ವಾಮಿ ದೊಡ್ಡಾವ. ಕುಂದ್ರಿ, ಮಜ್ಜಿಗಿ ಕುಡೀರಿ," ಎಂದಳು ಅಜ್ಜಿ.

ಮಜ್ಜಿಗೆ ಕುಡಿದು ಅವರು ಅಂಗಳ ನೋಡಿದರು. "ರಂಗೋಲಿ ಭಾಳ ಚಂದ ಐತಿ. ಯಾರು ಹಾಕ್ಯಾರ?"

"ನಮ್ಮ ಮೊಮ್ಮಗಳ್ರಿ," ಎಂದು ಅಜ್ಜಿ ಹಿಗ್ಗಿದಳು.

ನಾನು ಮೊರದ ಮೇಲೆ ಬಾಗಿದೆ. ಹೋಗುವಾಗ ಅವರು ರಂಗೋಲಿ ತುಳಿಯಬಾರದೆಂದು ಆ ಕುಂಟುಗಾಲಲ್ಲೇ ಅದನ್ನು ಸುತ್ತು ಹಾಕಿಕೊಂಡು ಹೋದರು.

ನಾನು ಆರಿಸಿಟ್ಟಿದ್ದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಮೊದಲಿನಿಂದ ಆರಿಸತೊಡಗಿದೆ.