ಹಳಿಗೆ ಹತ್ತಿದ ಹೊಲ

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಾಗಲೇ ಚನ್ನಬಸಯ್ಯ ಅಂಗಳದಲ್ಲಿ ನಿಂತು ಕೆಮ್ಮಿದ. ಸತ್ಯವ್ವ ತಲೆ ಎತ್ತಲಿಲ್ಲ. ಈಚೆಗೆ ಅವನಿಗೆ ಈ ಅಂಗಳಕ್ಕೆ ಬಂದಾಗಲೆಲ್ಲ ಕೆಮ್ಮು.

"ಸಂಜಿಗೆ ಸಾಲ್ಯಾಗ ಸಭಾ ಐತಿ, ಸತ್ಯವ್ವಾ. ನೀ ಬರಾಕಬೇಕು."

"ರೊಟ್ಟಿ ಸೀದ್ರ ನೀವು ತಿಂತೀರೇನ್ರಿ, ಅಯ್ಯಾರ? ಹೋಗ್ರಿ, ಬರ್ತೇನಿ."

ಅವನು ಹೋದ. ಪ್ರಮಿಳಾ ಒಲೆಯ ಮುಂದೆ ಕುಳಿತು ಬುತ್ತಿ ಕಟ್ಟಿಕೊಂಡಳು. ರೊಟ್ಟಿ ಬಡಿಯಲು ಅವಳಿಗೆ ಇವತ್ತಿಗೂ ಬಾರದು. ಅನ್ನ ಉಂಡು ಬೆಳೆದ ಕೈ. ಸತ್ಯವ್ವ ಅದಕ್ಕೆ ಒಂದು ದಿನವೂ ಗೊಣಗಿದವಳಲ್ಲ.

ಬೆಳಗಾವಿಗೂ ಖಾನಾಪುರಕ್ಕೂ ನಡುವೆ ಲೋಕಲ್ ರೈಲು ಓಡುತ್ತದೆ, ತಮ್ಮೂರಿಗೂ ಒಂದು ಸ್ಟೇಷನ್ ಆಗುತ್ತದೆ ಎಂಬ ಸುದ್ದಿ ಬಂದ ಮೇಲೆ ಊರು ಎರಡು ಹೋಳಾಗಿತ್ತು. ಹಳಿಯ ಬಾಜುವಿಗೆ ಸರಕಾರದ ಜಾಗವಿತ್ತು. ಅಲ್ಲಿಗೆ ಹೋಗುವ ದಾರಿ ಮಾತ್ರ ಸತ್ಯವ್ವನ ಹೊಲದ ಮೇಲೇ ಆಗಬೇಕು. ಚನ್ನಬಸಯ್ಯನಿಗೆ ಸ್ಟೇಷನ್ ಬೇಕು, ಏಕೆಂದರೆ ಹಳಿಯ ಆಚೆ ಭೂಮಿ ಕೊಂಡು ಪ್ಲಾಟು ಮಾಡಿದ್ದ. ಈರಯ್ಯನಿಗೆ ಬೇಡ, ಏಕೆಂದರೆ ಊರಿನ ಕೂಲಿಕಾರರನ್ನು ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಿಗೆ ತುಂಬಿಕೊಂಡು ಹೋಗುವ ಟೆಂಪೋಗಳು ಅವನವು. ಇಬ್ಬರೂ ಊರಿನ ಉದ್ಧಾರ ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಸತ್ಯವ್ವನಿಗೆ ಹಳಸಿದ ಸಾರಿನ ವಾಸನೆ ಬಡಿದಂತಾಗುತ್ತಿತ್ತು.

ಪ್ರಮಿಳಾ ದಿನವೂ ಅದೇ ಟೆಂಪೋದಲ್ಲಿ, ಗಂಡಸರ ನಡುವೆ ಒತ್ತಿಕೊಂಡು, ಎರಕದ ಕಾರ್ಖಾನೆಗೆ ಹೋಗುತ್ತಿದ್ದಳು. ಅಲ್ಲಿ ಮರಳಿನ ಅಚ್ಚು ಮಾಡುವ ಕೆಲಸ. ತಿರುಗಿ ಬಂದವಳು ಮೊದಲು ಬಚ್ಚಲಿಗೆ ಹೋಗಿ ತೋಳು, ಸೊಂಟ ಉಜ್ಜಿ ಉಜ್ಜಿ ತೊಳೆಯುವಳು. ಮರಳಿಗಾಗಿ ಯಾರೂ ಅಷ್ಟು ಉಜ್ಜುವುದಿಲ್ಲ. ಸತ್ಯವ್ವ ಕೇಳುತ್ತಿರಲಿಲ್ಲ. ಬಿಸಿನೀರು ಮಾತ್ರ ಕಾಯಿಸಿಟ್ಟಿರುತ್ತಿದ್ದಳು.

ಪ್ರಮಿಳಾಳ ಕುತ್ತಿಗೆಯ ಮೇಲೆ ಕಿವಿಯಿಂದ ಹೆಗಲಿನವರೆಗೆ ಗಾಯದ ಗೆರೆಯಿತ್ತು. ಗಂಡ ಬಾಳೇಶ ಕುಡಗೋಲು ಬೀಸಿದ್ದ. ಇನ್ನೊಮ್ಮೆ ಬೀಸದಂತೆ ಆ ಕೈಗೆ ಜೋತುಬಿದ್ದವಳು ಸತ್ಯವ್ವ. ಸತ್ತುಹೋದ ತನ್ನ ಗಂಡ ಮೈಲಾರಲಿಂಗ ಹೊಡೆಯಲು ಕೈ ಎತ್ತುತ್ತಿದ್ದ ರೀತಿಯೇ ಅದು, ಭುಜದ ಅದೇ ತಿರುವು. ಕೋರ್ಟಿನಲ್ಲಿ ನಿಂತು ಕಂಡದ್ದನ್ನು ಕಂಡಂತೆ ಹೇಳಿದಳು. ಬಾಳೇಶ ಹಿಂಡಲಗಾ ಜೈಲು ಸೇರಿದ. ಅವತ್ತಿನಿಂದ ಓಣಿಯ ಹೆಂಗಸರು ನಳದ ಹತ್ತಿರ ಸತ್ಯವ್ವನನ್ನು ಕಂಡರೆ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ನಡೆಯುತ್ತಿದ್ದರು.

ದಸರೆಗೂ ಮುಂಚೆ ಜೈಲಿನಿಂದ ಕಾಗದ ಬಂದಿತ್ತು. ಅವನನ್ನು ಅವಧಿಗೆ ಮೊದಲೇ ಬಿಟ್ಟರೆ ಮನೆಯವರು ಸೇರಿಸಿಕೊಳ್ಳುತ್ತಾರೆಯೇ? ಬೇಡ ಎಂದು ಸತ್ಯವ್ವ ಉತ್ತರ ಬರೆದೂ ಇಟ್ಟಿದ್ದಳು. ಕಳಿಸಲು ಮಾತ್ರ ಆಗಿರಲಿಲ್ಲ. ಪ್ರತಿ ಸಂತೆಗೂ ಲಕೋಟೆ ಚೀಲದಲ್ಲಿ ಖಾನಾಪುರಕ್ಕೆ ಹೋಗುತ್ತಿತ್ತು, ತರಕಾರಿಯೊಂದಿಗೆ ತಿರುಗಿ ಬರುತ್ತಿತ್ತು. ಪ್ರಮಿಳಾ ನೋಡಿದರೂ ನೋಡದಂತೆ ಇರುತ್ತಿದ್ದಳು.

ಸಂಜೆ ಶಾಲೆಯ ವರಾಂಡ ತುಂಬಿತ್ತು.

"ರೇಲ್ವೆ ಬಂದ್ರ ಊರಿನ ಹೆಣ್ಮಕ್ಕಳು ಹಾಳಾಗ್ತಾರ!" ಈರಯ್ಯ ಕೂಗಿದ.

"ನಿನ್ನ ಟೆಂಪೋದಾಗ ಒತ್ಯಾಡಿ ಉದ್ಧಾರ ಆಗ್ಯಾರೇನೋ?" ಹಿಂದಿನಿಂದ ಕಾರ್ಖಾನೆಯ ರೇಣವ್ವ ಕೇಳಿದಳು. ಜನ ನಕ್ಕರು.

"ರೇಲ್ವೆ ಬಂದ್ರ ಊರಿಗೆ ಬೆಳಕು ಬರ್ತೈತಿ," ಚನ್ನಬಸಯ್ಯ ಎದ್ದು ನಿಂತ.

"ಮೊದಲ ನಿಮ್ಮ ಪ್ಲಾಟಿಗೆ ಬರ್ತೈತಿ ಬಿಡ್ರಿ!" ಗುಂಪಿನೊಳಗಿಂದ ಯಾರೋ ಅಂದರು.

ಚಹಾ ಬಂತು. ಚನ್ನಬಸಯ್ಯ ಸತ್ಯವ್ವನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ದನಿ ಇಳಿಸಿದ. "ದಾರಿ ಬಿಟ್ಟುಕೊಡು, ಸತ್ಯವ್ವಾ. ಬಾಳೇಶ ಛಲೋ ಮನಷ್ಯಾ ಅಂತ ಊರ ಹಿರ್ಯಾರೆಲ್ಲ ಸಹಿ ಹಾಕಿ ಕೊಡ್ತೇವಿ. ಬಿಡುಗಡಿ ಆಗ್ತೈತಿ. ಎಷ್ಟಂದ್ರೂ ನಿಮ್ಮಂವ."

ಅವನು ಎದ್ದು ಹೋದದ್ದೇ ತಡ, ಈರಯ್ಯ ಬಂದು ಕುಳಿತ. "ಆಯಿ, ದಾರಿ ಕೊಡಬ್ಯಾಡ್ರಿ. ಬಾಳೇಶನ್ನ ನಾ ಹೊರಗ ತರ್ತೇನಿ. ಟೆಂಪೋ ಮ್ಯಾಲ ಡ್ರೈವರ್ ಅಂತ ಇಟ್ಕೋತೇನಿ. ಪ್ರಮಿಳಾನೂ ಅದರಾಗ ಹೋಗಿ ಬರ್ತಾಳ. ಮನ್ಯಾಗ ಒಬ್ಬ ಗಂಡಸ ಬ್ಯಾಡೇನ್ರಿ?"

ಪ್ರಮಿಳಾ ಕಂಬಕ್ಕೆ ಒರಗಿ ನಿಂತಿದ್ದಳು. ಎಲ್ಲ ಕೇಳುತ್ತಿತ್ತು. ಇಬ್ಬರಲ್ಲಿ ಒಬ್ಬನೂ ಅವಳ ಕಡೆ ಕತ್ತು ತಿರುಗಿಸಲಿಲ್ಲ. ಸೆರಗನ್ನು ಕುತ್ತಿಗೆಗೆ ಇನ್ನೊಂದು ಸುತ್ತು ಎಳೆದುಕೊಂಡಳು.

ಸತ್ಯವ್ವ ಬಾಯಲ್ಲಿದ್ದ ಚಹಾವನ್ನು ಮೂಲೆಗೆ ಉಗುಳಿದಳು. ಎದ್ದು ನಿಂತಳು.

"ದಾರಿ ಕೊಟ್ಟೇನಿ. ಪುಕ್ಕಟ. ನಿಮ್ಮ ಪ್ಲಾಟಿಗಲ್ಲ, ಅಯ್ಯಾರ. ಈಕಿ ಇವನ ಟೆಂಪೋ ಹತ್ತೂದು ತಪ್ಪಲಿ ಅಂತ ಕೊಟ್ಟೇನಿ."

ಚನ್ನಬಸಯ್ಯನ ಮುಖ ಅರಳಿತು. "ಬಾಳೇಶಂದೂ ನಾಳೇನ ಬರದು ಕಳಸ್ತೇವಿ, ಸತ್ಯವ್ವಾ."

"ಅಂವನ ಹೆಸರು ಎತ್ತಿದ್ರ ಹೊಲಕ್ಕ ಮುಳ್ಳಬೇಲಿ ಬೀಳ್ತೈತಿ. ನಾಚಿಕಿಗೇಡಿಗಳ್ರಾ, ಒಂದ ಮಾತಿಗೆ ಇಬ್ಬರೂ ಒಂದಾದ್ರಿ. ಅದೂ ಈಕಿ ಕುತ್ತಿಗಿ ಮ್ಯಾಲ!"

ಮನೆಗೆ ಬರುವಾಗ ಪ್ರಮಿಳಾ ಮೆಲ್ಲಗೆ ಕೇಳಿದಳು. "ಅವ್ವಾ, ನೀ ಬ್ಯಾಡಂದ್ರೂ ಅವ್ರು ಸಹಿ ಹಾಕಿ ಕಳಿಸಿದ್ರ?"

ಕಳಿಸುವವರೇ. ಸತ್ಯವ್ವನಿಗೆ ಗೊತ್ತಿತ್ತು. ಅವಳ ಉತ್ತರ ಇನ್ನೂ ಚೀಲದಲ್ಲೇ ಇತ್ತು.

ಮರುದಿನ ಪೋಸ್ಟ್ ಆಫೀಸಿನ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಖಾನಾಪುರದಲ್ಲಿದ್ದರು. ಕಿಟಕಿಯ ಒಳಗಿದ್ದ ಓಂಕಾರನೆಂಬ ಗುಮಾಸ್ತ ವಿಳಾಸ ಓದಿ ದನಿ ಮೆತ್ತಗೆ ಮಾಡಿದ.

"ಹಿಂಡಲಗಾ ಜೈಲಿಗೇನ್ರಿ? ಅಲ್ಲಿ ಯಾರದಾರ್ರೀ?"

"ನನ್ನ ಗಂಡ," ಎಂದಳು ಪ್ರಮಿಳಾ.

ಓಂಕಾರನ ಕಣ್ಣು ಅವಳ ಕುತ್ತಿಗೆಗೆ ಹೋಗಿ, ಥಟ್ಟನೆ ಕೆಳಗಿಳಿಯಿತು. ಲಕೋಟೆಯನ್ನು ಎಳೆದ. ಅದು ಬರಲಿಲ್ಲ. ಸತ್ಯವ್ವನ ಅಂಗೈ ಅದರ ಮೇಲೆಯೇ ಇತ್ತು. ಹಿಂದೆ ನಿಂತವರು ಗೊಣಗತೊಡಗಿದರು. ಆಮೇಲೆ ಅವಳು ಕೈ ತೆಗೆದಳು. ಓಂಕಾರ ಠಪ್ಪೆಂದು ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದ.

"ಇಂಥಾ ಅಳಿಯ ಗಂಟಬಿದ್ರ ಹಡದ ಜೀವಕ್ಕ ಎಷ್ಟ ಸಂಕಟ ಆಗಬ್ಯಾಡ, ಆಯಿ," ಎಂದ.

"ಅಳಿಯ ಅಲ್ಲಪ್ಪಾ," ಎಂದಳು ಸತ್ಯವ್ವ. "ನಾ ಹಡದದ್ದು ಅಂವನ್ನ. ಈಕಿ ನನ್ನ ಸೊಸಿ."