ಕೂರಿಸಿದ ಕೈ

ರಾತ್ರಿ ಹನ್ನೊಂದೂವರೆಗೆ ನಡುಮನೆಯಿಂದ ಟಕ್ ಎಂದು ಕೇಳಿಸಿತು. ಒಂದು ಗಳಿಗೆ ಬಿಟ್ಟು ಇನ್ನೊಂದು ಸಲ, ಸ್ವಲ್ಪ ಒಡಕಾಗಿ. ಪ್ರತಿಭಾ ಹಾಸಿಗೆಯಲ್ಲಿ ಎದ್ದು ಕೂತಳು. ಗಂಡ ಕಾಂತರಾಜುವಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹನ್ನೊಂದು ವರ್ಷ ಟೈಪಿಂಗ್ ಮಾಡಿಕೊಂಡು ಅವನ ಪಕ್ಕದಲ್ಲೇ ಕೂತವಳಿಗೆ ಅದು ಯಾವ ಶಬ್ದ ಎಂದು ಯಾರೂ ಹೇಳಬೇಕಿರಲಿಲ್ಲ. ಲ್ಯಾಪ್‌ಟಾಪಿನ ಮೆಮೊರಿ ಹೆಚ್ಚಿಸುವಾಗ ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಓರೆಯಾಗಿ ತೂರಿಸಿ ಮೇಲಿನಿಂದ ಒತ್ತಬೇಕು. ಎರಡೂ ಪಕ್ಕದ ಕೊಕ್ಕೆಗಳು ಒಟ್ಟಿಗೆ ಕಚ್ಚಿಕೊಂಡರೆ ಒಂದೇ ಶಬ್ದ. ಎರಡು ಕೇಳಿಸಬಾರದು.

ಕಾಂತರಾಜು ಊಟದ ಮೇಜಿನ ಮುಂದೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅದುಮಿ ಹಿಡಿದು ಕೂತಿದ್ದ. ಉಗುರಿನ ಚೂರಿನಷ್ಟಿದ್ದ ಮುರಿದ ಕೊಕ್ಕೆ ಮೇಜಿನ ಮೇಲೆ ಬಿದ್ದಿತ್ತು. ಬೇಸಿಗೆಯಿಂದ ಈಚೆಗೆ ಅವನ ಕೈ ನಡುಗುತ್ತಿತ್ತು, ಯಾರಾದರೂ ನೋಡುತ್ತಿದ್ದರೆ ಇನ್ನೂ ಜಾಸ್ತಿ. ಹಾಸನದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಯೋಚನೆ ಕಡಿಮೆ ಮಾಡಿ ಎಂದಿದ್ದರು. ಚನ್ನರಾಯಪಟ್ಟಣದಲ್ಲಿ ಅವನ ಅಂಗಡಿಗೆ ಹೆಸರು ಬಂದದ್ದೇ, ಗಿರಾಕಿಯ ಕಣ್ಣೆದುರು ಬಿಚ್ಚಿ ಕಣ್ಣೆದುರೇ ಮುಚ್ಚುತ್ತಾನೆ, ಒಂದು ಸ್ಕ್ರೂ ಕೂಡ ಅದಲುಬದಲಾಗುವುದಿಲ್ಲ ಎಂಬ ಮಾತಿನಿಂದ. ಈಗ ಏನಾದರೊಂದು ನೆಪ ಹೇಳಿ ಮೆಷಿನ್ನುಗಳನ್ನು ಮನೆಗೆ ತರುತ್ತಿದ್ದ. ಯಾಕೆ ತರುತ್ತಾನೆ ಎಂದು ಊರಲ್ಲಿ ಒಬ್ಬಿಬ್ಬರು ಕೇಳತೊಡಗಿದ್ದರು.

"ನಾಳೆ ಮೇಷ್ಟ್ರು ಲ್ಯಾಪ್‌ಟಾಪ್ ಕೇಳಕ್ಕೆ ಬಂದ್ರೆ ಏನಂತ ಹೇಳ್ತೀರಾ?" ಎಂದಳು ಪ್ರತಿಭಾ.

"ಏನಾದ್ರೂ ಹೇಳಿದ್ರಾಯ್ತು. ಅಂಗಡಿ ಅಂದ್ರೆ ಈ ಕೈ ಕಣೆ. ಇದು ಓಯ್ತು ಅಂತ ಗೊತ್ತಾದ್ರೆ ಯಾವನ್ ಬತ್ತಾನೆ?"

ಕೊಕ್ಕೆ ಮುರಿದ ಸ್ಲಾಟಿನಲ್ಲಿ ಇನ್ನು ಪಟ್ಟಿ ಕೂರದು. ಉಳಿದ ದಾರಿ ಒಂದೇ. ಇನ್ನೊಂದು ಸ್ಲಾಟಿನಲ್ಲಿದ್ದ ಹಳೆಯ ನಾಲ್ಕು ಜಿಬಿ ಪಟ್ಟಿಯನ್ನು ತೆಗೆದು, ಅದರ ಜಾಗಕ್ಕೆ ಹೊಸ ಎಂಟು ಜಿಬಿಯದನ್ನು ಕೂರಿಸುವುದು. ಅವನು ಮೆಷಿನ್ನನ್ನು ಅವಳ ಕಡೆ ತಳ್ಳಿ ಗೋಡೆಗೆ ಮುಖ ಮಾಡಿದ. ಪ್ರತಿಭಾ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಉಸಿರು ಹಿಡಿದು ಒತ್ತಿದಳು. ಒಂದೇ ಶಬ್ದ ಬಂತು. ಇಬ್ಬರೂ ದೀಪ ಆರಿಸಿ ಮಲಗಿದರು.

ಬೆಳಿಗ್ಗೆ ದಂಡಿಗನಹಳ್ಳಿಯ ಮೋಹನ್‌ಕುಮಾರ್ ಮೇಷ್ಟ್ರು ಅಂಗಡಿಗೆ ಬಂದರು. ಲ್ಯಾಪ್‌ಟಾಪ್ ಅವರದ್ದು. ಹತ್ತು ವರ್ಷ ಹಳೆಯದು, ಪಾಠದ ಒಂದು ಫೈಲು ತೆರೆಯುವಷ್ಟರಲ್ಲಿ ಪೀರಿಯಡ್ಡೇ ಮುಗಿಯುತ್ತದೆ ಎಂದು ತಂದುಕೊಟ್ಟಿದ್ದರು. ಈಗ ಬೇಗ ತೆರೆದದ್ದು ಕಂಡು ತಲೆದೂಗಿದರು. ಆಮೇಲೆ ಕನ್ನಡಕ ಏರಿಸಿಕೊಂಡು, ಮೆಮೊರಿ ಎಷ್ಟಾಗಿದೆ ಎಂದು ತಾವೇ ಹುಡುಕಿ ನೋಡಿದರು. ಎಂಟು.

"ನಾಲ್ಕಿತ್ತು, ಎಂಟು ಹಾಕ್ತೀನಿ ಅಂದೆ. ಹನ್ನೆರಡು ಬರ್ಬೇಕಲ್ಲಪ್ಪ?"

ಹಳೆಯದು ಹೊಸದರ ಜೊತೆ ಹೊಂದಲಿಲ್ಲ ಎಂದು ಹೇಳಿ ಕಾಂತರಾಜು ಹಳೆಯ ಪಟ್ಟಿಯನ್ನು ಕೌಂಟರಿನ ಮೇಲಿಟ್ಟ. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಇದು ನಮ್ದೇ ಅಂತ ಏನು ಗುರುತು ಕಾಂತರಾಜು? ಎದುರಿಗೇ ಬಿಚ್ಚೋನು ನೀನು. ಇದನ್ನ ಮಾತ್ರ ಮನೆಗ್ಯಾಕೆ ತಗಂಡೋದೆ?"

ಅವರ ದನಿ ಏರಲಿಲ್ಲ. ಪ್ರಿಂಟ್‌ಔಟಿಗೆ ಕಾಯುತ್ತಿದ್ದ ಇಬ್ಬರು ಮಾತ್ರ ಫೋನಿನಿಂದ ತಲೆಯೆತ್ತಿದರು. ಕಾಂತರಾಜು ಬಲಗೈಯನ್ನು ಕೌಂಟರಿನ ಕೆಳಗೆ ಇಳಿಸಿದ. ಕೈ ನಡುಗಿತು ಎಂದರೆ ನಾಳೆಯಿಂದ ಯಾರೂ ಬರುವುದಿಲ್ಲ. ಎನ್ನದಿದ್ದರೆ ಕಳ್ಳನಾಗುತ್ತಾನೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂದು ಪ್ರತಿಭಾ ಅವನ ಮುಖವನ್ನೇ ನೋಡುತ್ತಿದ್ದಳು. 

"ತಪ್ಪು ನಂದು ಮೇಷ್ಟ್ರೇ," ಎಂದಳು. "ಇವರು ಮಲಗಿದ್ರು. ಕಲಿಯೋಣ ಅಂತ ನಾನೇ ಮನೆಗೆ ತರಿಸ್ಕೊಂಡು ಹಾಕಕ್ಕೋದೆ. ಕೊಕ್ಕೆ ಮುರ್ದೋಯ್ತು."

ಲ್ಯಾಪ್‌ಟಾಪನ್ನು ಮಗುಚಿ, ತಳದ ಮುಚ್ಚಳ ತೆಗೆದು ಮುರಿದ ಜಾಗ ತೋರಿಸಿದಳು. ಮೇಷ್ಟ್ರು ಅದನ್ನು ನೋಡಿದರು, ಅವಳ ಕೈಬಳೆಗಳನ್ನು ನೋಡಿದರು, ನಕ್ಕುಬಿಟ್ಟರು. ಇದನ್ನ ಮೊದಲೇ ಹೇಳಬಾರದೇ, ನಾನು ಏನೇನೋ ಅಂದುಕೊಂಡುಬಿಟ್ಟೆ ಎಂದು ಕಾಂತರಾಜುವಿನ ಭುಜ ತಟ್ಟಿದರು. ಎಂಟೇ ಧಾರಾಳವಾಯಿತು ಎಂದೂ ಹೇಳಿದರು. "ಮನೇಲಿ ಸ್ಕ್ರೂಡ್ರೈವರ್‌ಗೂ ಒಂದು ಬೀಗ ಹಾಕಿಡಪ್ಪ."

ಕಾಂತರಾಜುವೂ ನಕ್ಕ. "ಎಷ್ಟು ಸಲ ಹೇಳಿವ್ನಿ ಸಾ, ಮುಟ್ಬ್ಯಾಡ ಅಂತ. ಕೇಳಾಕಿಲ್ಲ."

ಮಧ್ಯಾಹ್ನ ಪಕ್ಕದ ಸ್ಟೇಷನರಿ ಅಂಗಡಿಯ ಷಡಕ್ಷರಿ ಎರಡು ಲೋಟ ಟೀ ಹಿಡಿದು ಬಂದ. ಬೆಳಗಿನ ಸುದ್ದಿ ಅವನಿಗೂ ಮುಟ್ಟಿತ್ತು. ಏನಂತೆ ಅದು ಎಂದು ವಿಚಾರಿಸಿದ.

"ಮುರ್ದಾಕ್ಬುಟ್ಟು ಅಳ್ತಾ ಕೂತವ್ಳೆ ಕಣ್ಲಾ," ಎಂದು ಕಾಂತರಾಜು ಶುರುಮಾಡಿದ. "ಎದ್ದು ಬಂದು ನೋಡ್ದೆ. ಓಗ್ಲಿ ಬಿಡು ಅಂತ ಇನ್ನೊಂದ್ರಲ್ಲಿ ನಾನೇ ಕೂರಿಸ್ದೆ. ಒಂದೇ ಒತ್ತು."

ಪ್ರತಿಭಾ ಕೀಬೋರ್ಡಿನಿಂದ ತಲೆಯೆತ್ತಿದಳು. ಅವನು ಅವಳ ಕಡೆ ನೋಡಿದ. ಕಣ್ಸನ್ನೆ ಮಾಡಲಿಲ್ಲ, ಮುಖ ತಪ್ಪಿಸಲೂ ಇಲ್ಲ, ನಡೆದದ್ದೇ ಹಾಗೆ ಎಂಬಂತೆ. ಹೇಳುತ್ತ ಹೇಳುತ್ತಲೇ ಟೀ ಲೋಟವನ್ನು ಬಲಗೈಯಲ್ಲಿ ಎತ್ತಿದ. ತುಂಬಿದ ಲೋಟ. ಷಡಕ್ಷರಿ ಎದುರಿಗೇ ಕೂತು ನೋಡುತ್ತಿದ್ದ. ಒಂದು ಹನಿಯೂ ತುಳುಕಲಿಲ್ಲ.

ನಡೆದದ್ದನ್ನು ಯಾರಿಗೂ ಹೇಳಬಾರದು ಎಂದು ಅವಳು ಆಗ ನಿರ್ಧರಿಸಿದಳು. ಅವನಿಗೂ.