ತಾಮ್ರ ಒಲ್ಲದ ಹವಳ

ಹುಣಸೆಹಣ್ಣು ತಿಕ್ಕಿ ಥಳಥಳಿಸುವಂತೆ ಮಾಡಿದ್ದ ತಾಮ್ರದ ಧಾರಾಪಾತ್ರೆಯನ್ನು ಶಂಭು ಐತಾಳರು ಮಗಳ ಉಪ್ಪುನೀರಿನ ಗಾಜುತೊಟ್ಟಿಯ ಮೇಲೆ ಹಿಡಿದಿದ್ದರು. ಸುರಕ್ಷಾ ಓಡಿಬಂದು ಅವರ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

ತೊಟ್ಟಿಯ ನೀರಿನಲ್ಲಿ ಕ್ಷಾರದ ಅಂಶ ಕುಸಿದು, ಉಗುರಿನಷ್ಟಿದ್ದ ತುಣುಕಿನಿಂದ ಅವಳು ಬೆಳೆಸಿದ್ದ ಹವಳ ಮುದುಡಿಕೊಂಡಿತ್ತು. ಅಡುಗೆ ಸೋಡಾವನ್ನು ಶುದ್ಧ ನೀರಿನಲ್ಲಿ ಕರಗಿಸಿ ಕೊಟ್ಟರೆ ಕೊರತೆ ನೀಗುವುದು ದಿಟ. ಆದರೆ ಒಮ್ಮೆಲೇ ಸುರಿದರೆ ಆ ಏರಿಕೆಯ ಆಘಾತಕ್ಕೇ ಹವಳ ಸಾಯುವುದು. ಹನಿಹನಿಯಾಗಿ, ದಿನಕ್ಕೆ ತುಸುವೇ ಏರಿಸಬೇಕು. ಅವಳಾದರೋ ಮರುದಿನವೇ ತರಬೇತಿಗೆಂದು ಬ್ರಹ್ಮಾವರದ ಮನೆ ಬಿಟ್ಟು ಬೈಂದೂರಿಗೆ ಹೊರಡಬೇಕಿತ್ತು. ಹನಿಯ ಮಾತು ಕಿವಿಗೆ ಬಿದ್ದದ್ದೇ ತಡ, ಅರ್ಚಕರಾದ ತಂದೆಗೆ ಶಿವಲಿಂಗದ ಮೇಲೆ ತೂಗಿ ಹನಿ ಬೀಳಿಸುವ ಈ ಪಾತ್ರೆ ನೆನಪಾಗಿತ್ತು.

“ತಾಮ್ರದ್ದ್ ಬೇಡ ಅಪ್ಪಯ್ಯ. ಅದ್ರ ಅಂಶ ಚೂರ್ ನೀರಿಗ್ ಇಳ್ದ್ರೂ ಹವಳ ಸತ್ತ್ ಹೋತ್ತ್.”

“ಈಶ್ವರ ದೇವ್ರಿಗೇ ಆತ್ತ್, ನಿನ್ನ್ ಹವಳಕ್ಕೆ ಆತಿಲ್ಯಾ?”

“ಈಶ್ವರ ವಿಷ ಕುಡ್ದ್ ದಕ್ಕಿಸ್ಕಂಡವ. ಇದ್ಕೆ ಅಷ್ಟ್ ತಾಕತ್ತಿಲ್ಲ.”

ಐತಾಳರು ಮುಖ ಬಿಗಿಹಿಡಿಯಲು ಯತ್ನಿಸಿ, ಸೋತು, ನಕ್ಕುಬಿಟ್ಟರು. ಪಾತ್ರೆಯನ್ನು ದೇವರಕೋಣೆಗೆ ಮರಳಿಸಿ, ಅಡುಗೆಮನೆಯಿಂದ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ತಂದರು. ಬುಡ ಕತ್ತರಿಸಿ, ಮುಚ್ಚಳಕ್ಕೆ ಸಣ್ಣ ತೂತು ಕೊರೆದು, ಅದರಲ್ಲಿ ತೊಳೆದ ದರ್ಭೆಯೊಂದನ್ನು ತೂರಿಸಿ ತೊಟ್ಟಿಯ ಮೇಲೆ ತಲೆಕೆಳಗಾಗಿ ತೂಗುಹಾಕಿದರು. ದರ್ಭೆಯನ್ನು ಕೊಂಚ ಎಳೆದು, ಕೊಂಚ ಸಡಿಲಿಸಿ, ಹನಿಯೊಂದು ಮೂಡಿ, ತೂಗಾಡಿ, ಸಾವಕಾಶವಾಗಿ ಕಳಚಿಬೀಳುವ ಹದಕ್ಕೆ ತಂದರು. ಪಂಪಿನ ನೀರು ರಭಸದಿಂದ ಹರಿಯುವಲ್ಲೇ ಅದು ಬೀಳಬೇಕು, ಆಯಾ ದಿನದ ಪಾಲಿನ ಸೋಡಾನೀರನ್ನು ಮಾತ್ರ ತುಂಬಬೇಕು ಎಂದು ಸುರಕ್ಷಾ ಮತ್ತೆ ಮತ್ತೆ ಹೇಳಿದಳು.

“ಜನ್ಮ ಇಡೀ ಹನಿ ಕಾಣ್ತಾ ಕೂತವ ನಾನ್. ನೀ ಬಸ್ ತಪ್ಪಿಸ್ಕಣ್ಬೇಡ,” ಎಂದರು ಐತಾಳರು.

ವಾರದ ಕೊನೆಗೆ ಅವಳು ಚೀಲವನ್ನೂ ಇಳಿಸದೆ ತೊಟ್ಟಿಯತ್ತ ಧಾವಿಸಿದಳು. ಹವಳ ತನ್ನ ನವಿರು ಎಸಳುಗಳನ್ನೆಲ್ಲ ಬಿಚ್ಚಿ ನೀರಿನ ಸೆಳೆತಕ್ಕೆ ತೂಗುತ್ತಿತ್ತು. ಅದರ ನೇರಕ್ಕೆ ಆ ಬೆಳಗ್ಗೆ ಕೊಯ್ದ ಕೆಂಪು ಕೇಪುಳದ ಹೂವೊಂದಿತ್ತು. ನೀರಿನೊಳಗಲ್ಲ, ಗಾಜಿನ ಹೊರಗೆ.